ಗುಲಿಸಿಯ ಹದಿಮೂರು ಮಕ್ಕಳು

ಗರಿಫುನಾ ಎಂಬ ಭಾಷೆಯಲ್ಲಿ 'ನಾನು' ಎನ್ನುವುದಕ್ಕೆ ಎರಡು ಪದಗಳಿವೆ. ಗಂಡಸರದ್ದು 'ಔ', ಹೆಂಗಸರದ್ದು 'ನುಗುಯಾ'. 'ನೀನು' ಎನ್ನುವುದಕ್ಕೂ ಹಾಗೆಯೇ. ಗಂಡಸರು 'ಅಮುರು' ಎಂದರೆ ಹೆಂಗಸರು 'ಬುಗುಯಾ' ಎನ್ನುತ್ತಾರೆ. ಒಂದೇ ಮನೆ, ಒಂದೇ ಒಲೆ, ಆದರೂ ಗಂಡ ತನ್ನನ್ನು ಕರೆದುಕೊಳ್ಳುವ ಪದ ಬೇರೆ, ಹೆಂಡತಿಯದು ಬೇರೆ. ಇದನ್ನು ಮೊದಲ ಸಲ ಓದಿದಾಗ ನನಗೆ ತಮಾಷೆ ಅನಿಸಿತ್ತು. ಆ ಎರಡು ಪದಗಳ ಹಿಂದೆ ಮುನ್ನೂರು ವರ್ಷಗಳ ಕತೆಯಿದೆ, ಆ ಕತೆ ಸುತ್ತಿಬಳಸಿ ಪುಣೆಯ ನನ್ನ ಮನೆಯ ಬಾಗಿಲಿಗೂ ಬಂದು ನಿಲ್ಲುತ್ತದೆ ಎಂದು ಆಗ ಗೊತ್ತಿರಲಿಲ್ಲ.

ನನಗೆ ಗರಿಫುನಾ ಪರಿಚಯವಾದದ್ದು ಹಾಡಿನಿಂದ. ಕಂಪನಿ ಬಸ್ಸು ಟ್ರಾಫಿಕ್ಕಿನಲ್ಲಿ ನಿಂತಿದ್ದ ಒಂದು ಸಂಜೆ ಕಿವಿಗೆ ಬಿದ್ದದ್ದು 'ಉಮಲಾಲಿ' ಎಂಬ ಆಲ್ಬಂ. 2008ರಲ್ಲಿ ಬಂದದ್ದು. ಉಮಲಾಲಿ ಎಂದರೆ ದನಿ. ಹಾಡಿದವರೆಲ್ಲ ಬೆಲೀಜ್, ಗ್ವಾಟೆಮಾಲಾ, ಹೊಂಡುರಾಸ್ ದೇಶಗಳ ಕರಾವಳಿಯ ಗರಿಫುನಾ ಹೆಂಗಸರು. ವೃತ್ತಿ ಗಾಯಕಿಯರಲ್ಲ, ಮನೆಗೆಲಸದ ನಡುವೆ ತಾವೇ ಹಾಡು ಕಟ್ಟುವವರು. ಒಂದು ಹಾಡು ಚಂಡಮಾರುತದ ಬಗ್ಗೆ, ಇನ್ನೊಂದು ಮೊಮ್ಮಗುವಿನ ಬಗ್ಗೆ. ಅರ್ಥ ಒಂದಕ್ಷರವೂ ಆಗದಿದ್ದರೂ ನನಗೆ ಧಾರವಾಡ ಕಡೆಯ ನಮ್ಮಜ್ಜಿ ಬೀಸುವ ಕಲ್ಲಿನ ಮುಂದೆ ಕೂತದ್ದು ನೆನಪಾಯಿತು. ಆಮೇಲೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಹೋದೆ. ಓದಿದಷ್ಟೂ ಒಂದೇ ಮಾತು ಮತ್ತೆ ಮತ್ತೆ ಎದುರಾಯಿತು. ಈ ಜನರ ಚರಿತ್ರೆಯಲ್ಲಿ ತಾಯಿ, ಟೀಚರು, ಬರಹಗಾರ್ತಿ ಮೂವರೂ ಮಾಡುತ್ತಿದ್ದದ್ದು ಒಂದೇ ಕೆಲಸ. ಅನೇಕ ಸಲ ಆ ಮೂವರೂ ಒಬ್ಬಳೇ ಹೆಂಗಸು.

ಮೊದಲಿನಿಂದ ಹೇಳುತ್ತೇನೆ.

ಕೆರಿಬಿಯನ್ ಸಮುದ್ರದಲ್ಲಿ ಸೇಂಟ್ ವಿನ್ಸೆಂಟ್ ಎಂಬ ಚಿಕ್ಕ ದ್ವೀಪವಿದೆ. ಗರಿಫುನಾ ಜನ ಅದನ್ನು ಯುರುಮೇನ್ ಎನ್ನುತ್ತಾರೆ. 17ನೇ ಶತಮಾನದಲ್ಲಿ ಅಲ್ಲಿನ ಮೂಲನಿವಾಸಿ ಕಲಿನಾಗೊ ಜನರ ಜೊತೆ ಆಫ್ರಿಕಾದವರು ಬಂದು ಸೇರಿದರು. ಕೆಲವರು ಒಡೆದುಹೋದ ಗುಲಾಮರ ಹಡಗುಗಳಿಂದ ಪಾರಾದವರು, ಕೆಲವರು ಸುತ್ತಲಿನ ದ್ವೀಪಗಳ ತೋಟಗಳಿಂದ ಓಡಿಬಂದವರು. ಈ ಎರಡು ರಕ್ತಗಳು ಬೆರೆತು ಹುಟ್ಟಿದ ಜನವೇ ಗರಿಫುನಾ. ಬಹುವಚನದಲ್ಲಿ ತಮ್ಮನ್ನು ತಾವು ಗರಿನಾಗು ಎಂದು ಕರೆದುಕೊಳ್ಳುತ್ತಾರೆ. ಮೈಬಣ್ಣ ಆಫ್ರಿಕಾದ್ದಾದರೂ ಮಾತು ಮಾತ್ರ ದ್ವೀಪದ ಮೂಲನಿವಾಸಿಗಳದ್ದೇ ಉಳಿಯಿತು.

ಆ ಮಾತಿನ ಬಗ್ಗೆ ಮೊದಲು ವಿವರವಾಗಿ ಬರೆದವನು ರೇಮಂಡ್ ಬ್ರೆತೋನ್ ಎಂಬ ಫ್ರೆಂಚ್ ಪಾದ್ರಿ. ಡೊಮಿನಿಕಾ ದ್ವೀಪದಲ್ಲಿ ಮೂಲನಿವಾಸಿಗಳ ನಡುವೆ ವರ್ಷಗಟ್ಟಲೆ ಬದುಕಿ, 1665ರಲ್ಲಿ ನಿಘಂಟು ಅಚ್ಚು ಹಾಕಿಸಿದ. ಗಂಡಸರ ಮಾತು ಬೇರೆ, ಹೆಂಗಸರ ಮಾತು ಬೇರೆ ಎಂದು ಅವನೇ ಗುರುತು ಮಾಡಿದ. ಅಂದಿನವರು ಇದಕ್ಕೆ ಕೊಟ್ಟ ವಿವರಣೆ ಹೀಗಿತ್ತು: ದಕ್ಷಿಣ ಅಮೆರಿಕದಿಂದ ಬಂದ ಕ್ಯಾರಿಬ್ ಯೋಧರು ದ್ವೀಪದ ಅರವಾಕ್ ಗಂಡಸರನ್ನು ಕೊಂದು ಹೆಂಗಸರನ್ನು ಮದುವೆಯಾದರು, ಆ ಹೆಂಗಸರು ತಮ್ಮ ಮಾತು ಬಿಡಲಿಲ್ಲ. 20ನೇ ಶತಮಾನದ ಭಾಷಾತಜ್ಞ ಡಗ್ಲಸ್ ಟೇಲರ್, ಈ ಭಾಷೆಯ ಬುಡವೇ ಅರವಾಕ್ ಎಂದು ತೋರಿಸಿದರು. 1980ರಲ್ಲಿ ಅವರು ಮತ್ತು ಬೆರೆಂಡ್ ಹಾಫ್ ಸೇರಿ ಬರೆದ ಲೇಖನದ ಪ್ರಕಾರ, ಗಂಡಸರ ಕ್ಯಾರಿಬ್ ಪದಗಳು ದೂರದ ಕ್ಯಾರಿಬರ ಜೊತೆ ವ್ಯವಹಾರಕ್ಕೆ ಬಳಸುತ್ತಿದ್ದ ಒಂದು ಬಗೆಯ ಸಂತೆಭಾಷೆಯಿಂದ ಬಂದಿರಬಹುದು.

ವಿವರಣೆ ಯಾವುದೇ ಇರಲಿ, ಫಲಿತಾಂಶ ಒಂದೇ. ಗಂಡಸರ ಮಾತು ಅಂಗಳದಲ್ಲಿ, ದೋಣಿಯಲ್ಲಿ, ವ್ಯಾಪಾರದಲ್ಲಿ. ಹೆಂಗಸರ ಮಾತು ಮನೆಯೊಳಗೆ. ಮಗು ಗಂಡಾಗಲಿ ಹೆಣ್ಣಾಗಲಿ ಮೊದಲು ಕೇಳುವುದು ಒಳಗಿನ ಮಾತು. ಇವತ್ತಿನ ಗರಿಫುನಾದಲ್ಲಿ ಗಂಡಸರ ಪದಗಳೆಂದು ಉಳಿದಿರುವುದು ಕೆಲವೇ. ವ್ಯಾಕರಣ, ಕ್ರಿಯಾಪದ, ದಿನಬಳಕೆಯ ಬಹುಪಾಲು ಎಲ್ಲ ಹೆಂಗಸರ ಕಡೆಯದೇ. ನಾವು ತಾಯ್ನುಡಿ ಎಂದು ಸಲೀಸಾಗಿ ಹೇಳುತ್ತೇವೆ. ಇವರದು ಅಕ್ಷರಶಃ ತಾಯಿಯ ನುಡಿ.

1763ರ ಪ್ಯಾರಿಸ್ ಒಪ್ಪಂದದಲ್ಲಿ ಸೇಂಟ್ ವಿನ್ಸೆಂಟ್ ಬ್ರಿಟಿಷರ ಪಾಲಾಯಿತು. ಕಬ್ಬಿನ ತೋಟಕ್ಕೆ ಅವರಿಗೆ ಬೇಕಿದ್ದ ಒಳ್ಳೆಯ ಭೂಮಿಯೆಲ್ಲ ಗರಿಫುನಾ ಜನರ ಕೈಯಲ್ಲಿತ್ತು. ಒಂದು ಯುದ್ಧ 1773ರಲ್ಲಿ ಒಪ್ಪಂದದಿಂದ ಮುಗಿಯಿತು. ಎರಡನೆಯದು 1795ರಲ್ಲಿ ಶುರುವಾಯಿತು. ನಾಯಕ ಸತುಯೆ ಅದೇ ವರ್ಷ ಮಾರ್ಚ್ 14ರಂದು ಸತ್ತ. ಇವತ್ತು ಸೇಂಟ್ ವಿನ್ಸೆಂಟಿನಲ್ಲಿ ಅದು ರಾಷ್ಟ್ರೀಯ ವೀರರ ದಿನ. ಯುದ್ಧ ಸೋತ ಮೇಲೆ ಬ್ರಿಟಿಷರು 4,000ಕ್ಕೂ ಹೆಚ್ಚು ಜನರನ್ನು ಹಿಡಿದು ಬಾಲಿಸೋ ಎಂಬ ಕುಡಿಯುವ ನೀರಿಗೂ ಗತಿಯಿಲ್ಲದ ಪುಟ್ಟ ದ್ವೀಪದಲ್ಲಿ ಕೂಡಿಹಾಕಿದರು. ಕೆಲವೇ ತಿಂಗಳಲ್ಲಿ ಅರ್ಧದಷ್ಟು ಜನ ಜ್ವರ, ಹಸಿವಿನಿಂದ ಸತ್ತರು. ಉಳಿದವರನ್ನು 1797ರ ಮಾರ್ಚಿನಲ್ಲಿ ಹಡಗು ಹತ್ತಿಸಿ, ಏಪ್ರಿಲ್‌ನಲ್ಲಿ ಹೊಂಡುರಾಸ್ ಹತ್ತಿರದ ರೊಅಟಾನ್ ದ್ವೀಪದಲ್ಲಿ ಇಳಿಸಿ ಬಿಟ್ಟರು. ಇಳಿದವರು ಸುಮಾರು 2,000 ಮಂದಿ.

ವಸಾಹತು ಕಡತಗಳಲ್ಲಿ ಈ ಹೆಂಗಸರು ಬರೀ ಲೆಕ್ಕ. ಇಷ್ಟು ಗಂಡಸರು, ಇಷ್ಟು ಹೆಂಗಸರು, ಇಷ್ಟು ಮಕ್ಕಳು. ಆದರೆ ಆ ಹೆಂಗಸರ ಬಾಯಲ್ಲಿದ್ದದ್ದನ್ನು ಯಾವ ಅಧಿಕಾರಿಯೂ ಲೆಕ್ಕ ಹಾಕಲಿಲ್ಲ, ಕಿತ್ತುಕೊಳ್ಳಲೂ ಆಗಲಿಲ್ಲ. ಇಲ್ಲೊಂದು ವಿಚಿತ್ರವಿದೆ. ಸೇಂಟ್ ವಿನ್ಸೆಂಟಿನಲ್ಲಿ ಅಲ್ಪಸ್ವಲ್ಪ ಜನ ಉಳಿದುಕೊಂಡರು. ಅವರ ವಂಶ ಈಗಲೂ ಅಲ್ಲಿದೆ, ಆದರೆ ಅಲ್ಲಿ ಆ ಭಾಷೆ ಸತ್ತುಹೋಯಿತು. ಬದುಕಿದ್ದು ಗಡೀಪಾರಾದವರ ನಡುವೆ. ಊರಲ್ಲಿ ಇದ್ದ ಮಾತ್ರಕ್ಕೆ ಭಾಷೆ ಉಳಿಯುವುದಿಲ್ಲ, ಊರು ಬಿಟ್ಟ ಮಾತ್ರಕ್ಕೆ ಸಾಯುವುದೂ ಇಲ್ಲ. ನಮ್ಮಂಥ ಊರು ಬಿಟ್ಟವರಿಗೆ ಇದು ಸಮಾಧಾನದ ಮಾತು. ಆದರೆ ಪೂರ್ತಿ ಕತೆ ಕೇಳಿದ ಮೇಲೆ ಸಮಾಧಾನ ಪಡುವುದು ಒಳ್ಳೆಯದು.

ರೊಅಟಾನ್‌ನಿಂದ ಅವರು ಹೊಂಡುರಾಸಿನ ಟ್ರುಹಿಯೊಗೆ ದಾಟಿದರು, ಅಲ್ಲಿಂದ ಕರಾವಳಿಯುದ್ದಕ್ಕೂ ಹರಡಿದರು. ಆಗ ಬ್ರಿಟಿಷ್ ಹೊಂಡುರಾಸ್ ಎನಿಸಿಕೊಂಡಿದ್ದ ಬೆಲೀಜಿಗೂ ಬಂದರು. ಹೊಂಡುರಾಸಿನ ಒಳಜಗಳದಿಂದ ತಪ್ಪಿಸಿಕೊಂಡು ದೊಡ್ಡ ಗುಂಪೊಂದು ದೋಣಿಗಳಲ್ಲಿ ಬಂದು ಇಳಿದದ್ದು 1832ರ ನವೆಂಬರ್ 19ರಂದು ಎಂದು ಅಲ್ಲಿನವರು ನೆನೆಯುತ್ತಾರೆ. ಇಳಿದ ಜಾಗ ಇಂದಿನ ಡಂಗ್ರಿಗಾ ಪಟ್ಟಣ. ಆ ದಿನ ಈಗ ದೇಶಕ್ಕೆಲ್ಲ ರಜೆ.

ಅದೇ ಕರಾವಳಿಯಲ್ಲಿ ಗುಲಿಸಿಯ ಕತೆ ಹುಟ್ಟುತ್ತದೆ. ಮೌಖಿಕ ಪರಂಪರೆಯ ಪ್ರಕಾರ ಗುಲಿಸಿ ಸತುಯೆಯ ಮಗಳು. ಅಪ್ಪ ಯುದ್ಧದಲ್ಲಿ ಹೋದ, ಊರು ಹೋಯಿತು. ಆಕೆ 13 ಗಂಡುಮಕ್ಕಳನ್ನು ಕಟ್ಟಿಕೊಂಡು ಬೆಲೀಜಿಗೆ ಬಂದಳು. ಯುರುಮೇನ್ ಹೇಗಿತ್ತು, ಯಾರು ಹೇಗೆ ಸತ್ತರು, ಹಡಗಿನಲ್ಲಿ ಏನಾಯಿತು ಎಂದು ಮಕ್ಕಳಿಗೆ ಹೇಳುತ್ತಾ ಹೋದಳು. ಆ ಮಕ್ಕಳ ವಂಶದವರ ಬಾಯಿಂದ ಬಾಯಿಗೆ ಅದು 20ನೇ ಶತಮಾನದ ತನಕ ಬಂತು. ಸತುಯೆಯ ಹೆಸರು ಬ್ರಿಟಿಷರ ಕಾಗದಪತ್ರಗಳಲ್ಲಿದೆ, ಯಾಕೆಂದರೆ ಅವನು ಅವರೊಡನೆ ಕಾದಾಡಿದ. ಗುಲಿಸಿ ಇರುವುದು ತನ್ನ ಜನರ ನೆನಪಿನಲ್ಲಿ ಮಾತ್ರ, ಯಾಕೆಂದರೆ ಅವಳು ಕತೆ ಹೇಳಿದಳು.

ಈ ಕತೆಯನ್ನು ಒಂದು ರಾತ್ರಿ ಊಟ ಮಾಡುವಾಗ ಅವ್ವನಿಗೆ ಹೇಳಿದೆ. ಅವ್ವ ಹಳ್ಳಿಯ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಅಕ್ಕೋರಾಗಿದ್ದವಳು. ಈಗ ನಮ್ಮ ಜೊತೆ ಪುಣೆಯಲ್ಲಿದ್ದಾಳೆ. ರೊಟ್ಟಿ ಮುರಿಯುತ್ತಾ ಪೂರ್ತಿ ಕೇಳಿ ಕೊನೆಗೆ ಒಂದೇ ಪ್ರಶ್ನೆ ಕೇಳಿದಳು.

"ಹದಿಮೂರು ಮಂದಿ ಗಂಡಸಮಕ್ಕಳಲ್ಲಾ? ಅಕಿ ಅವರಿಗೆ ಕಲಿಸಿದ್ಲು, ಸರಿ. ಅವರು ಯಾರಿಗೆ ಕಲಿಸಿದ್ರು?"

ನನ್ನ ಹತ್ತಿರ ಉತ್ತರವಿರಲಿಲ್ಲ. ಆ ಪ್ರಶ್ನೆಯನ್ನು ಹಿಡಿದುಕೊಂಡೇ ಮುಂದಿನದನ್ನು ಓದಿದೆ.

ಗರಿಫುನಾ ಗಂಡಸರು ಬಹಳ ಕಾಲದಿಂದ ದುಡಿಮೆಗೆ ಹೊರಗೆ ಹೋಗುವವರು. ಮೀನುಗಾರಿಕೆ, ಕಾಡಿನ ಮರ ಕಡಿಯುವ ಕೆಲಸ, ಬಾಳೆ ತೋಟ, ಹಡಗು. ತಿಂಗಳುಗಟ್ಟಲೆ ಮನೆಗೆ ಬರುವುದಿಲ್ಲ. ಮನೆ, ಹೊಲ, ಮಕ್ಕಳು ಎಲ್ಲ ಹೆಂಗಸರ ಮೇಲೆ. ಅವರ ಮುಖ್ಯ ಆಹಾರ ಎರೆಬಾ, ಅಂದರೆ ಮರಗೆಣಸಿನ ರೊಟ್ಟಿ. ಅವರು ಬಳಸುವ ಕಹಿ ಮರಗೆಣಸಿನಲ್ಲಿ ವಿಷವಿರುತ್ತದೆ. ಅದನ್ನು ಸಿಪ್ಪೆ ಸುಲಿದು, ಚಿಕ್ಕ ಕಲ್ಲುಗಳನ್ನು ಕೂರಿಸಿದ 'ಎಗಿ' ಎಂಬ ಹಲಗೆಯ ಮೇಲೆ ತುರಿದು, 'ರುಗುಮಾ' ಎಂಬ ಉದ್ದನೆಯ ಹೆಣೆದ ಚೀಲದಲ್ಲಿ ತುಂಬಿ ನೇತುಹಾಕಿ, ಎಳೆದು ರಸವನ್ನೆಲ್ಲ ಹಿಂಡಬೇಕು. ಆಮೇಲೆ ಜರಡಿ ಹಿಡಿದು ಅಗಲವಾದ ಹಂಚಿನ ಮೇಲೆ ಬೇಯಿಸಬೇಕು. ಇದು ಒಬ್ಬಳ ಕೈಲಿ ಆಗುವ ಕೆಲಸವಲ್ಲ. ನಾಲ್ಕೈದು ಹೆಂಗಸರು ಸೇರುತ್ತಾರೆ, ಮಕ್ಕಳು ಸುತ್ತ ಇರುತ್ತವೆ, ತುರಿಯುವ ಸದ್ದಿನ ಜೊತೆ ಹಾಡು ಬರುತ್ತದೆ. ಆ ಮಕ್ಕಳಿಗೆ ಮೊದಲ ಶಾಲೆ ಅದೇ.

ಅಮೆರಿಕದ ಮಾನವಶಾಸ್ತ್ರಜ್ಞೆ ವರ್ಜೀನಿಯಾ ಕೆರ್ನ್ಸ್ 1983ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರೇ 'ಹೆಂಗಸರು ಮತ್ತು ಪೂರ್ವಿಕರು' ಎಂಬ ಅರ್ಥದ್ದು. ಸತ್ತವರಿಗೆ ಎಡೆ ಇಡುವುದು, 'ದುಗು' ಎಂಬ ದಿನಗಟ್ಟಲೆ ನಡೆಯುವ ಹಿರಿಯರ ಪೂಜೆಯನ್ನು ಹೊಂದಿಸುವುದು, ನೆಂಟರನ್ನೆಲ್ಲ ಕರೆಸುವುದು, ಹಾಡುವುದು ಇವೆಲ್ಲದರ ಭಾರ ಮುಖ್ಯವಾಗಿ ವಯಸ್ಸಾದ ಹೆಂಗಸರದ್ದು ಎಂದು ಅವರು ತೋರಿಸಿದರು.

ಇನ್ನು ಶಾಲೆ. ಬ್ರಿಟಿಷ್ ಹೊಂಡುರಾಸಿನಲ್ಲಿ ಶಾಲೆಗಳನ್ನು ನಡೆಸುತ್ತಿದ್ದದ್ದು ಚರ್ಚುಗಳು. 1898ರಲ್ಲಿ ನ್ಯೂ ಆರ್ಲಿಯನ್ಸಿನಿಂದ 'ಹೋಲಿ ಫ್ಯಾಮಿಲಿ' ಪಂಗಡದ ಕಪ್ಪು ಸನ್ಯಾಸಿನಿಯರು ಡಂಗ್ರಿಗಾಕ್ಕೆ ಬಂದು ಪಾಠ ಶುರು ಮಾಡಿದರು. ಕ್ಯಾಥೊಲಿಕ್ ಶಾಲೆಗಳಿಗೆ ಟೀಚರುಗಳು ಬೇಕಿತ್ತು. ಓದಿದ ಗರಿಫುನಾ ಯುವಕ ಯುವತಿಯರಿಗೆ ದಾರಿ ತೆರೆಯಿತು. ಮುಂದಿನ ದಶಕಗಳಲ್ಲಿ ದೇಶದ ಮೂಲೆಮೂಲೆಯ ಹಳ್ಳಿಗಳಲ್ಲಿ, ಮಾಯಾ ಜನರ ಊರುಗಳಲ್ಲೂ, ಮಕ್ಕಳಿಗೆ ಅಕ್ಷರ ಕಲಿಸಿದವರಲ್ಲಿ ಗರಿಫುನಾ ಟೀಚರುಗಳದ್ದು ದೊಡ್ಡ ಪಾಲು. ಜನಸಂಖ್ಯೆಯಲ್ಲಿ 2010ರಲ್ಲಿ ಶೇಕಡಾ 6ರಷ್ಟಿದ್ದ ಸಮುದಾಯ ಒಂದು ದೇಶಕ್ಕೆ ಓದು ಕಲಿಸಿತು ಎಂದರೆ ಹೆಚ್ಚು ಮಾತಲ್ಲ.

ಆದರೆ ಕಲಿಸಿದ್ದು ಇಂಗ್ಲಿಷಿನಲ್ಲಿ. ಶಾಲೆಯಲ್ಲಿ ಗರಿಫುನಾ ಮಾತಾಡುವುದು ಹಿಂದುಳಿದವರ ಲಕ್ಷಣ. ಆ ಟೀಚರಮ್ಮನ ಸ್ಥಿತಿ ಊಹಿಸಿಕೊಳ್ಳಿ. ಬೆಳಗ್ಗೆ ಮನೆಯಲ್ಲಿ ಮಗುವಿಗೆ ಗರಿಫುನಾದಲ್ಲಿ ತಲೆ ಬಾಚುತ್ತಾಳೆ, ಒಂಬತ್ತು ಗಂಟೆಗೆ ಅದೇ ಮಗುವನ್ನು ಕ್ಲಾಸಿನಲ್ಲಿ ಕೂರಿಸಿ ಇಂಗ್ಲಿಷಿನಲ್ಲೇ ಮಾತಾಡು ಎನ್ನುತ್ತಾಳೆ. ಎರಡೂ ಮಗುವಿನ ಒಳ್ಳೆಯದಕ್ಕೇ. ಮಗುವಿಗೆ ನೌಕರಿ ಬೇಕು, ಗೌರವ ಬೇಕು. ತಾಯಿ ಕೊಟ್ಟಿದ್ದನ್ನು ಟೀಚರು ಕಿತ್ತುಕೊಳ್ಳಬೇಕು, ಇಬ್ಬರೂ ಅವಳೇ. ಇದರಲ್ಲಿ ತಪ್ಪು ಅವಳದಲ್ಲ. ನಮ್ಮಲ್ಲಿ ಯಾರು ತಾನೇ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಹಾಕಿಲ್ಲ?

ಬರಹಕ್ಕೂ ಈ ಎರಡು ದಾರಿಗಳಿದ್ದವು. ಡಂಗ್ರಿಗಾದ ಫೆಲಿಸಿಯಾ ಹೆರ್ನಾಂಡೆಸ್ ಗರಿಫುನಾ ಬಾಲ್ಯದ ಕತೆಗಳನ್ನು ಇಂಗ್ಲಿಷಿನಲ್ಲಿ ಬರೆದರು. 'ದೋಸ್ ರಿಡಿಕ್ಯುಲಸ್ ಇಯರ್ಸ್' ಅವರ ಸಂಕಲನ. ಅದರಿಂದ ಹೊರಗಿನವರಿಗೂ ಆ ಬದುಕು ಕಂಡಿತು. ಮಾರ್ಸೆಲಾ ಲೂಯಿಸ್ ಇನ್ನೊಂದು ದಾರಿ ಹಿಡಿದರು. ಜನರು ಪ್ರೀತಿಯಿಂದ 'ಮಾದೆ ಅತ್ತೆ' ಎನ್ನುತ್ತಿದ್ದ ಆಕೆ ಗರಿಫುನಾದಲ್ಲೇ ಕವಿತೆ ಕಟ್ಟಿದರು. 1994ರಲ್ಲಿ ಅವು ಪುಸ್ತಕವಾದವು. ಪುಸ್ತಕದ ಹೆಸರಿನ ಅರ್ಥ, ಮಾರ್ಸೆಲಾ ನಮ್ಮ ಪಿತ್ರಾರ್ಜಿತ ಎಂದು. ಪಿತ್ರಾರ್ಜಿತ ಎಂದು ಬರೆದ ಮೇಲೆ ನನಗೇ ನಗು ಬಂತು. ಇಂಥ ಆಸ್ತಿಗೂ ನಮ್ಮ ಭಾಷೆಯಲ್ಲಿ ತಂದೆಯ ಹೆಸರೇ.

ಒಂದು ಒಡಕು 1961ರಲ್ಲಿ ಕಾಣಿಸಿತು. ಆ ವರ್ಷ ಅಕ್ಟೋಬರ್ 31ರಂದು ಹ್ಯಾಟಿ ಚಂಡಮಾರುತ ಬೆಲೀಜ್ ಕರಾವಳಿಯನ್ನು ಜಜ್ಜಿಹಾಕಿತು. ಅದರ ನಂತರ ಅಮೆರಿಕಕ್ಕೆ ವಲಸೆ ಜೋರಾಯಿತು. ಈ ಸಲ ಗಂಡಸರಷ್ಟೇ ಅಲ್ಲ, ಹೆಂಗಸರೂ ಹೋದರು. ನ್ಯೂಯಾರ್ಕ್, ಲಾಸ್ ಏಂಜಲೀಸ್ ನಗರಗಳಲ್ಲಿ ಮನೆಗೆಲಸಕ್ಕೆ, ವಯಸ್ಸಾದವರ ಆರೈಕೆಗೆ ಸೇರಿದರು. ಮಕ್ಕಳು ಊರಲ್ಲಿ ಅಜ್ಜಿಯ ಹತ್ತಿರ ಉಳಿದವು. ಅಜ್ಜಿ ಇರುವ ತನಕ ಮಾತು ಇತ್ತು. ಅಮೆರಿಕದಲ್ಲೇ ಹುಟ್ಟಿದ ಮಕ್ಕಳಿಗೆ ಇಂಗ್ಲಿಷೇ ಮನೆಮಾತಾಯಿತು. ತಾಯಂದಿರು ಸೋಮಾರಿಗಳಾಗಿದ್ದರು ಎಂದಲ್ಲ. ಎರಡು ಪಾಳಿ ದುಡಿದು ಬರುವವಳಿಗೆ ಕತೆ ಹೇಳಲು ಹೊತ್ತಿರಲಿಲ್ಲ, ಹೇಳಬೇಕಾದ ಇನ್ನೊಬ್ಬರೂ ಇರಲಿಲ್ಲ.

ಇದರ ಕೊನೆ ಹೇಗಿರುತ್ತದೆ ಎಂದು ಒಬ್ಬ ಹುಡುಗ ಕಣ್ಣಾರೆ ಕಂಡ. ಬೆಲೀಜಿನ ಬರಾಂಕೊ ಹಳ್ಳಿಯ ಆಂಡಿ ಪಲಾಸಿಯೊ 1980ರ ಹೊತ್ತಿಗೆ ಸಾಕ್ಷರತಾ ಆಂದೋಲನದಲ್ಲಿ ಪಾಠ ಹೇಳಲು ನಿಕರಾಗುವಾಕ್ಕೆ ಹೋಗಿದ್ದ. ಅಲ್ಲಿನ ಗರಿಫುನಾ ಮುದುಕರೊಬ್ಬರನ್ನು ಅವರದೇ ಭಾಷೆಯಲ್ಲಿ ಮಾತಾಡಿಸಿದಾಗ ಅವರಿಗೆ ನಂಬಲಾಗಲಿಲ್ಲವಂತೆ. ಇಷ್ಟು ಚಿಕ್ಕ ವಯಸ್ಸಿನವನ ಬಾಯಲ್ಲಿ ಆ ಮಾತು ಮತ್ತೆ ಕೇಳುತ್ತೇನೆಂದು ಅವರು ಎಣಿಸಿರಲಿಲ್ಲ. ಅಲ್ಲಿ ಭಾಷೆ ಮುದುಕರ ಬಾಯಲ್ಲಷ್ಟೇ ಉಳಿದಿತ್ತು. ನಮ್ಮಲ್ಲೂ ಹೀಗೆಯೇ ಆಗುತ್ತದೆ ಎಂದು ಹೆದರಿ ವಾಪಸ್ ಬಂದ ಪಲಾಸಿಯೊ ಮುಂದೆ ಗರಿಫುನಾ ಹಾಡಿನ ದೊಡ್ಡ ಹೆಸರಾದ. 2008ರ ಜನವರಿಯಲ್ಲಿ, ನಲವತ್ತೇಳನೇ ವಯಸ್ಸಿನಲ್ಲಿ ತೀರಿಕೊಂಡ.

ಅವನು ಒಬ್ಬನೇ ಅಲ್ಲ. 1981ರಲ್ಲಿ ರಾಷ್ಟ್ರೀಯ ಗರಿಫುನಾ ಮಂಡಳಿ ಹುಟ್ಟಿತು. 1993ರಲ್ಲಿ ರಾಯ್ ಕಾಯೆತಾನೊ ಅವರ ಸಂಪಾದಕತ್ವದಲ್ಲಿ ಜನರ ನಿಘಂಟು ಬಂತು. 2001ರಲ್ಲಿ ಯುನೆಸ್ಕೊ ಗರಿಫುನಾ ಭಾಷೆ, ಕುಣಿತ, ಸಂಗೀತವನ್ನು ಮನುಕುಲದ ಪರಂಪರೆ ಎಂದು ಘೋಷಿಸಿತು. 2004ರಲ್ಲಿ ಡಂಗ್ರಿಗಾದಲ್ಲಿ ವಸ್ತುಸಂಗ್ರಹಾಲಯ ತೆರೆಯಿತು, 2007ರಲ್ಲಿ ಅಲ್ಲೇ ಒಂದು ಪ್ರಾಥಮಿಕ ಶಾಲೆ. ಆ ಶಾಲೆಯಲ್ಲಿ ಗರಿಫುನಾ, ಇಂಗ್ಲಿಷ್, ಸ್ಪ್ಯಾನಿಷ್ ಮೂರನ್ನೂ ಕಲಿಸುತ್ತಾರೆ. ಸಂಗ್ರಹಾಲಯಕ್ಕೂ ಶಾಲೆಗೂ ಇಟ್ಟ ಹೆಸರು ಒಂದೇ: ಗುಲಿಸಿ. ಯುದ್ಧ ಮಾಡಿದ ಅಪ್ಪನ ಹೆಸರು ಬಿಟ್ಟು ಕತೆ ಹೇಳಿದ ಮಗಳ ಹೆಸರಿಟ್ಟರು. ಅಂಗಳದಲ್ಲಿ ಎರೆಬಾ ಬೇಯಿಸುತ್ತಾ ಕಲಿಸಿದ್ದನ್ನು, ಒಂದು ಕಾಲದಲ್ಲಿ ಶಾಲೆ ಹೊರಗಿಟ್ಟಿದ್ದನ್ನು, ಈಗ ಶಾಲೆಯೇ ಒಳಗೆ ಕರೆದುಕೊಂಡಿತು.

ಅವ್ವನ ಪ್ರಶ್ನೆಗೆ ಉತ್ತರ ಇಲ್ಲಿದೆ ಅನಿಸುತ್ತದೆ. ಎರಡು ಶತಮಾನ ಆ ಹೆಂಗಸರು ಭಾಷೆಯನ್ನು ಹೊತ್ತರು, ಹೌದು. ಆದರೆ ಹೊತ್ತವರು ಅವರೊಬ್ಬರೇ ಆದಾಗ, ಅವರು ದುಡಿಮೆಗೆ ಹೊರಟ ದಿನ ಭಾಷೆಯೂ ಕೆಳಗೆ ಬಿತ್ತು. ಮತ್ತೆ ಎದ್ದದ್ದು ಹಾಡುವವನು, ನಿಘಂಟು ಮಾಡುವವನು, ಮಂಡಳಿ, ಶಾಲೆ ಎಲ್ಲ ಕೈ ಹಚ್ಚಿದಾಗ. ತಾಯ್ನುಡಿ ಎಂದು ಹೆಸರಿಟ್ಟು, ತಾಯಿಯನ್ನು ಹೊಗಳಿ, ಉಳಿದವರು ಕೈ ತೊಳೆದುಕೊಳ್ಳುವುದು ಸುಲಭ. ಗುಲಿಸಿಯ ಹದಿಮೂರು ಮಕ್ಕಳೂ ತಮ್ಮ ಮಕ್ಕಳಿಗೆ ಹೇಳಿದ್ದರಿಂದಲೇ ಅಲ್ಲವೇ ಅವಳ ಕತೆ ನಮಗೆ ಸಿಕ್ಕಿದ್ದು?

ನಾನು ಕೈ ತೊಳೆದುಕೊಂಡವನೇ. ಮಗಳಿಗೆ ಆರು ವರ್ಷ. ಅವಳಿಗೆ ಕನ್ನಡ ಕಲಿಸುವುದು ಹೆಂಡತಿಯ ಕೆಲಸ, ಇಲ್ಲದಿದ್ದರೆ ಅವ್ವನದು ಎಂದು ನಾನು ಯಾರಿಗೂ ಹೇಳಿರಲಿಲ್ಲ, ಆದರೆ ನಡೆದುಕೊಂಡದ್ದು ಹಾಗೆಯೇ. ಹೆಂಡತಿಯೂ ಏಳು ಗಂಟೆಗೆ ಆಫೀಸಿನಿಂದ ಬರುತ್ತಾಳೆ. ನಾನು ಮಗಳ ಜೊತೆ ಇಂಗ್ಲಿಷು, ಹಿಂದಿ ಬೆರೆಸಿ ಮಾತಾಡಿ, ಹಬ್ಬದ ದಿನ ಮಾತ್ರ "ಕನ್ನಡ ಬರಲ್ಲ ನೋಡು ಇವಳಿಗೆ" ಎಂದು ಇಬ್ಬರ ಕಡೆಗೂ ನೋಡುತ್ತಿದ್ದೆ.

ಮಗಳು ಎಣಿಸುವುದು ಹೀಗೆ: ಒಂದು, ಎರಡು, ಮೂರು, ಫೋರ್, ಫೈವ್. ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಈಗ ಬರುವುದಿಲ್ಲ. ಗರಿಫುನಾದಲ್ಲಿ ಎಣಿಕೆ ಹೀಗಿದೆ: ಆಬನ್, ಬಿಯಾಮಾ, ಉರುವಾ. ಮೂರರ ತನಕ ಸ್ವಂತದ್ದು. ನಾಲ್ಕರಿಂದ ಗಾದುರು, ಸೇಂಗು, ಸಿಸಿ, ಸೆದು. ಅವೆಲ್ಲ ಫ್ರೆಂಚಿನವು, ಸೇಂಟ್ ವಿನ್ಸೆಂಟಿನಲ್ಲಿ ಫ್ರೆಂಚರ ಜೊತೆ ವ್ಯಾಪಾರ ಮಾಡುತ್ತಿದ್ದಾಗ ಬಂದವು. ಎರವಲು ಪದ ತಂದು ಆ ಭಾಷೆ ಸಾಯಲಿಲ್ಲ, ಅವನ್ನೂ ತನ್ನದಾಗಿ ಮಾಡಿಕೊಂಡಿತು. ಹೇಳುವವರು ನಿಂತಲ್ಲಿ ಮಾತ್ರ ಅದು ಸತ್ತಿತು.

ಅವ್ವನ ಹತ್ತಿರ ಒಂದು ಉದ್ದನೆಯ ನೋಟ್‌ಬುಕ್ ಇದೆ. ನೌಕರಿಯಲ್ಲಿದ್ದಾಗ ಮಕ್ಕಳ ಹಾಜರಿ ಬರೆದು ಉಳಿದ ಪುಟಗಳಲ್ಲಿ ತನ್ನ ತಾಯಿ ಹಾಡುತ್ತಿದ್ದ ಬೀಸುವ ಕಲ್ಲಿನ ಹಾಡುಗಳನ್ನೂ, ಹೇಳುತ್ತಿದ್ದ ಕತೆಗಳನ್ನೂ ಬರೆದಿಟ್ಟಿದ್ದಾಳೆ. ಯಾರಿಗೂ ತೋರಿಸಿರಲಿಲ್ಲ. ಗುಲಿಸಿಯ ಕತೆ ಹೇಳಿದ ಒಂದು ವಾರಕ್ಕೆ ಅದನ್ನು ಟ್ರಂಕಿನಿಂದ ತೆಗೆದು ಮಗಳಿಗೆ ಕೊಡದೆ ನನ್ನ ಕೈಗೆ ಕೊಟ್ಟಳು.

"ನನ್ನ ಕಣ್ಣು ಮಂಜಾಗ್ಯಾವ. ನೀ ಓದಿ ಹೇಳು ಅಕಿಗೆ."

ಈಗ ರಾತ್ರಿ ಊಟವಾದ ಮೇಲೆ ಒಂದು ಪುಟ ಓದುತ್ತೇನೆ. ಎಷ್ಟೋ ಪದಗಳು ನನಗೇ ಗೊತ್ತಿಲ್ಲ. ಒಳಗಿನ ಕೋಣೆಯಿಂದ ಅವ್ವ ತಿದ್ದುತ್ತಾಳೆ, ಮಗಳು ನಗುತ್ತಾಳೆ, ನಾನು ಮತ್ತೆ ಮೊದಲಿನಿಂದ ಓದುತ್ತೇನೆ.